ದೊರೆ ಬಿಟ್ಟುಹೋದ ಮೂರು ಗಾಲಿ

ಭರಮಸಾಗರದ ಕೆರೆ ಏರಿಯ ಕೆಳಗಿನ ಬಯಲಿನಲ್ಲಿ ಮೂರು ಹಗಲು ಮೂರು ರಾತ್ರಿ ಕಾಲು ನೆಲಕ್ಕೆ ತಾಗಿಸದೆ ಸೈಕಲ್ ತುಳಿದವನು ನಾನು. ಸೈಕಲ್ ಮೇಲೆಯೇ ಊಟ, ಸೈಕಲ್ ಮೇಲೆಯೇ ಸ್ನಾನ. ಕಡೆಯ ದಿನ ಹ್ಯಾಂಡಲ್ ಬಿಟ್ಟು ಎದೆಗೆ ಟ್ಯೂಬ್‌ಲೈಟ್ ಒಡೆಸಿಕೊಂಡಿದ್ದೆ. ನಿಧಾನ ಸೈಕಲ್ ಓಟದಲ್ಲಿ ನನ್ನನ್ನು ಸೋಲಿಸಿದವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ಹೇಳುವುದರಲ್ಲಿ ನಾನು ಮೂರು ಸಲ ಚರಂಡಿಗೆ ಬೀಳುತ್ತೇನೆ.

ಎಪ್ಪತ್ತರ ದಶಕದ ಮಾತು. ಚಿತ್ರದುರ್ಗದಲ್ಲಿ ಕೋಟೆಗೆ ಹೋಗುವ ರಸ್ತೆಯಲ್ಲಿ ನನ್ನದೊಂದು ಸೈಕಲ್ ಶಾಪಿತ್ತು. ಸಂಕ್ರಾಂತಿಗೆ ಇನ್ನೂ ತಿಂಗಳ ಮೇಲಿತ್ತು. ಹೆಗಲಿಗೆ ಕಂಬಳಿ ಹಾಕಿದ ಒಬ್ಬ ಕುರಿಗಾಹಿ ಬಂದು, ನಾನು ಪಂಕ್ಚರ್ ಹಾಕಿ ಮುಗಿಸುವವರೆಗೂ ಕಾದ. ಆಮೇಲೆ ಕೇಳಿದ:

"ಒಂದ್ ಕಾಲ್ನಾಗೆ ತುಳಿಯೋ ಸೈಕಲ್ ಐತೇನ್ರಿ?"

"ಯಾಕಪ್ಪಾ, ಸರ್ಕಸ್ ಸೇರ್ತೀಯಾ?" ಅಂದೆ.

"ನಂಗಲ್ರಿ. ಮಗಳಿಗೆ."

ನನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತು. ಸ್ಟೂಲು ಎಳೆದು ಕೂರಿಸಿ, ಚಹ ತರಿಸಿ, ವಿಷಯ ಕೇಳಿದೆ. ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರದ ಒಂದು ಹಟ್ಟಿ ಅವನದು. ಹೆಂಡತಿ ತೀರಿಕೊಂಡಿದ್ದಳು. ಮಗಳಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಬಲಗಾಲು ಸೊರಗಿತ್ತು. ಆದರೂ ಓದಿ, ನಾಲ್ಕು ಮೈಲಿ ದೂರದ ಊರಿನ ಶಾಲೆಯಲ್ಲಿ ಟೀಚರ್ ಆಗಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕುರಿ ಮಂದೆಯ ಸಾಮಾನು ಹೊರುವ ಕುದುರೆಯ ಮೇಲೆ ಮಗಳನ್ನು ಕೂರಿಸಿ, ತಾನು ಹಗ್ಗ ಹಿಡಿದು, ದಿನಾ ಬಿಟ್ಟು ಬರುತ್ತಿದ್ದ. ಹೆಸರಿಗೆ ಕುದುರೆ, ಎತ್ತರಕ್ಕೆ ಕತ್ತೆ ಅಂತ ಅವನೇ ಹೇಳಿದ. ಸಂಕ್ರಾಂತಿ ಕಳೆದ ಮರುದಿನ ಮಂದೆ ಭದ್ರಾ ನಾಲೆಯ ಗದ್ದೆಗಳ ಕಡೆಗೆ ಮೇವಿಗೆ ಹೊರಡಬೇಕು. ಕುರಿ ಹೋದರೆ ಅವನೂ ಹೋಗಬೇಕು, ಕುದುರೆಯೂ ಹೋಗಬೇಕು. ಮಳೆ ಬೀಳುವವರೆಗೆ ವಾಪಸು ಬರುವ ಹಾಗಿಲ್ಲ.

"ಶಾಲೆ ಊರಾಗೆ ಒಂದ್ ಮನೆ ಮಾಡಿ ಇರ್ಸಿ" ಅಂದೆ.

"ಮನ್ಯಾಗೆ ನಮ್ಮವ್ವ ಅದಾಳೆ. ಕಣ್ ಕಾಣಾಂಗಿಲ್ಲ. ಸಂಜಿಗೆ ಮಗಳು ಬಂದು ಬೇಯ್ಸಿ ಹಾಕ್ಬೇಕು." ಅವನು ಚಹದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದ. "ಮೂರು ದಿನ ಪ್ರಾರ್ಥನೆಗೆ ತಪ್ಪಿದ್ರೆ ಬೇರೆಯೋರ್ನ ಹಾಕ್ಕಂತೀವಿ ಅಂದಾರ್ರಿ. ಅವ್ಳು ಓದಿದ್ದು ನೀರಿಗೆ ಹೋಗ್ತತಿ."

ನನಗೊಂದು ಕೆಟ್ಟ ಗುಣವಿದೆ. ಯಾರಾದರೂ 'ಆಗುತ್ತೋ ಇಲ್ಲವೋ' ಅನ್ನುವ ಮುಖ ಮಾಡಿದರೆ 'ಆಗುತ್ತೆ' ಅಂದುಬಿಡುತ್ತೇನೆ, ಆಮೇಲೆ ಯೋಚನೆ ಮಾಡುತ್ತೇನೆ. ಅವತ್ತೂ ಹಾಗೇ ಆಯಿತು. "ಕುರಿ ಹೊರಡೋದ್ರೊಳಗೆ ನಿನ್ನ ಮಗಳು ತಾನೇ ತುಳ್ಕೊಂಡು ಹೋಗೋ ಗಾಡಿ ಹಟ್ಟಿಗೆ ಬರುತ್ತೆ, ಹೋಗು" ಅಂತ ಮಾತು ಕೊಟ್ಟೆ. ಅವನು ಹೋದ ಮೇಲೆ ತಲೆ ಕೆರೆದುಕೊಂಡೆ. ಎರಡು ಗಾಲಿಯ ಸೈಕಲ್ಲಿನಲ್ಲಿ ಒಂದು ಕಾಲಿನವರು ಕೂತರೆ ಬೀಳುವುದೇ ಸೈ. ಮೂರು ಗಾಲಿ ಬೇಕು. ಆಗ ನೆನಪಾದದ್ದು ಹಿರಿಯೂರಿನ ಷೆಡ್ಡು.

ಹಿರಿಯೂರಿನಲ್ಲಿ, ನಾಲೆಯ ಪಕ್ಕದ ತೆಂಗಿನ ತೋಟದಲ್ಲಿ, ನಿವೃತ್ತ ಓವರ್‌ಸಿಯರ್ ಒಬ್ಬರ ಮನೆಯಿತ್ತು. ಹಿಂದಿನ ವರ್ಷ ಅವರ ಸೈಕಲ್ಲಿಗೆ ಬ್ರೇಕ್ ಹಾಕಲು ಹೋದಾಗ ಷೆಡ್ಡಿನಲ್ಲಿ ತೆಂಗಿನಗರಿಯ ಹಿಂದೆ ನನ್ನ ಎದೆಮಟ್ಟದ ಒಂದು ಕಡ್ಡಿಗಾಲಿ ಕಂಡಿದ್ದೆ. ಮರುದಿನ ಮೊದಲನೇ ಬಸ್ಸಿಗೆ ಹೋಗಿ ಕೇಳಿದೆ. ಅವರು ಕೋಲೂರಿಕೊಂಡು ಬಂದು ತಾವೇ ಗರಿ ಸರಿಸಿದರು.

ಎರಡು ಪಕ್ಕಕ್ಕೆ ಎರಡು ಭಾರಿ ಗಾಲಿ, ನಡುವೆ ಚರ್ಮದ ಸೀಟು, ಮುಂದಕ್ಕೆ ಚಾಚಿದ ಕೊಳವೆಯ ತುದಿಗೆ ಒಂದು ಪುಟ್ಟ ಗಾಲಿ. ಹ್ಯಾಂಡಲ್ ಅನ್ನುವುದೇ ಇಲ್ಲ. ಸೀಟಿನ ಎಡಕ್ಕೊಂದು ಬಲಕ್ಕೊಂದು ಸಲಿಕೆಯ ಹಿಡಿಯಂಥ ಹಿಡಿಗಳು. ಬಲಗಡೆಯದು ಮುಂದಿನ ಗಾಲಿಯನ್ನು ತಿರುಗಿಸಲು, ಎಡಗಡೆಯದು ಬ್ರೇಕಿಗೆ. ಪೆಡಲು ಸೀಟಿನ ಮುಂದೆ, ಕೆಳಗೆ. ಸರಪಳಿ ಹೋಗುವುದು ಎಡಗಡೆಯ ಗಾಲಿಗೆ ಮಾತ್ರ, ಬಲಗಡೆಯ ಗಾಲಿ ತನ್ನ ಪಾಡಿಗೆ ಉರುಳುತ್ತದೆ. ವಿಕ್ಟೋರಿಯಾ ರಾಣಿಯ ಕಾಲದ್ದು ಅಂದರು ಓವರ್‌ಸಿಯರ್.

"ಮಾರಿಕಣಿವೆ ಕಟ್ಟೆ ಕೆಲಸ ನಡೆಯೋವಾಗ ಒಬ್ಬ ಬಿಳಿ ದೊರೆ ಇದನ್ನ ತನ್ನ ದೇಶದಿಂದ ತರಿಸ್ಕೊಂಡಿದ್ದ. ಅವಾಗ್ಲೇ ಹಳೇದು, ಅವನ ಅಪ್ಪ ತುಳೀತಿದ್ದಂತೆ. ನಮ್ಮಪ್ಪ ದೊರೆ ಹತ್ರ ಜವಾನ. ಇಳಿಜಾರಲ್ಲಿ ದೊರೆ ಸವಾರಿ, ಏರು ಬಂತೋ ನಮ್ಮಪ್ಪ ಹಿಂದಿಂದ ತಳ್ಳಬೇಕು. ಕಟ್ಟೆಯಿಂದ ಬಂಗಲೆತನಕ ತಳ್ಳಿದ್ದಾನೆ. ದೊರೆ ಊರಿಗೆ ಹೋಗೋವಾಗ ಬಹುಮಾನ ಅಂತ ಇದನ್ನೇ ಕೊಟ್ಟು ಹೋದ. ಸಾಯೋವರೆಗೂ ನಮ್ಮಪ್ಪ ಇದರ ಮೇಲೆ ಕೂರಲಿಲ್ಲ. ನಮ್ಮನ್ನೂ ಕೂರಕ್ಕೆ ಬಿಡಲಿಲ್ಲ."

ಟೀಚರಮ್ಮನ ವಿಷಯ ಹೇಳಿದೆ. ಅವರು ಸೀಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

"ಕೊಡ್ತೀನಿ. ದುಡ್ಡು ಗಿಡ್ಡು ಬ್ಯಾಡ. ಆದ್ರೆ ನಂದೊಂದು ಷರತ್ತು ಐತೆ ಮೇಸ್ತ್ರಿ. ಹಿಂದಿಂದ ಒಬ್ರು ತಳ್ಳೋ ಹಂಗಿದ್ರೆ ಈ ಗಾಡಿ ನನ್ನ ಗೇಟು ದಾಟಲ್ಲ. ಕುಂತೋರು ತಾವೇ ತುಳ್ಕೊಂಡು ನಾಲೆ ಸೇತುವೆ ಹತ್ತಿ, ತಿರುಗಿ ಇಲ್ಲಿಗೆ ಬರ್ಬೇಕು. ನಾನು ಕಣ್ಣಾರೆ ನೋಡ್ಬೇಕು. ಇನ್ನೊಂದು, ಎಲ್ಲೂ ಕೊಯ್ಯಬಾರದು, ವೆಲ್ಡಿಂಗ್ ಹಚ್ಚಬಾರದು."

"ಸಾರ್, ಸೇತುವೆ ಅಲ್ಲ, ಬೇಕಾದ್ರೆ ದುರ್ಗದತನಕ ತುಳಿದು ತೋರಿಸ್ತೀನಿ" ಅಂದೆ. ನಾಲಿಗೆಗೆ ಮೂಳೆಯಿಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಶಾಪಿಗೆ ಬೀಗ ಹಾಕಿ ಅವರ ಷೆಡ್ಡಿನಲ್ಲೇ ಕೆಲಸಕ್ಕೆ ಕೂತೆ. ಮೊದಲ ನಾಲ್ಕು ದಿನ ಬರೀ ಸೀಮೆಎಣ್ಣೆಯ ಕೆಲಸ. ಬೇರಿಂಗಿನ ಬಟ್ಟಲುಗಳಲ್ಲಿ ಹಳೆಯ ಕೊಬ್ಬು ಕಲ್ಲಾಗಿತ್ತು. ಬಟ್ಟೆಯಲ್ಲಿ ಸುತ್ತಿ ನೆನೆಹಾಕಿ, ಬಿದಿರು ಕಡ್ಡಿಯಿಂದ ಕೆರೆದು ತೆಗೆದೆ. ಕಬ್ಬಿಣ ತಾಗಿಸಲಿಲ್ಲ, ಗೀರು ಬಿದ್ದರೆ ಮುಗಿಯಿತು. ಒಳಗೆ ಗುಂಡುಗಳು ಹೊಸದರಂತೆ ಇದ್ದವು. ಸರಪಳಿ ನಮ್ಮದರ ಹಾಗೆ ಉರುಳೆಯದಲ್ಲ, ಗಟ್ಟಿ ಕಬ್ಬಿಣದ ತುಂಡುಗಳನ್ನು ಕೊಂಡಿ ಹಾಕಿ ಪೋಣಿಸಿದ್ದು. ಒಂದು ತುಂಡು ಸೀಳಿತ್ತು. ಅದರ ಅಚ್ಚು ತೆಗೆದುಕೊಂಡು ಹೋಗಿ ಹಿರಿಯೂರಿನ ಲೇತಿನವನ ಮುಂದೆ ಒಂದು ಹಗಲು ಕೂತು ಹೊಸದನ್ನು ಅರದಲ್ಲಿ ಉಜ್ಜಿಸಿ ತಂದೆ.

ಐದನೇ ದಿನ ಸೊಕ್ಕಿನ ತಪ್ಪು ಮಾಡಿದೆ. ಎಡಗಾಲಿ ಸ್ವಲ್ಪ ಓಲಾಡುತ್ತಿತ್ತು. ಗಾಲಿಯ ಓಲಾಟ ತೆಗೆಯುವುದು ನನಗೆ ಎಲೆ ಅಡಿಕೆ ಹಾಕಿದಷ್ಟು ಸಲೀಸು. ಕಡ್ಡಿಗೆ ಕೀಲಿ ಹಾಕಿ ಅಭ್ಯಾಸದಂತೆ ಎರಡು ಸುತ್ತು ಬಿಗಿ ಮಾಡಿದೆ. ಟಣ್ ಅಂತು. ಪಕ್ಕದ್ದಕ್ಕೆ ಹಾಕಿದೆ, ಅದೂ ಟಣ್. ಮೂರನೆಯದೂ ಹೋದ ಮೇಲೆ ಬುದ್ಧಿ ಬಂತು. ನಮ್ಮ ಸೈಕಲ್ಲಿನ ಕಡ್ಡಿಗಳು ಒಂದರ ಮೇಲೊಂದು ಹಾದು ಹೋಗುತ್ತವೆ, ಜಗ್ಗಿದರೆ ಕೊಡುತ್ತವೆ. ಇಲ್ಲಿ ಕಡ್ಡಿಗಳೆಲ್ಲ ನೆಟ್ಟಗೆ ಗಾಲಿಯ ನಡುವಿನ ಗುಂಬಕ್ಕೇ ತಿರುಪಿನ ಹಾಗೆ ಕೂತಿದ್ದವು. ಬಿಗಿಯುವ ಜಾಗವೇ ಬೇರೆ, ಲೆಕ್ಕವೇ ಬೇರೆ. ಮುರಿದ ಮೂರು ಕಡ್ಡಿಯ ತುದಿಗಳನ್ನು ಗುಂಬದಿಂದ ಬಿಡಿಸಲು ಎರಡು ದಿನ ಹೋಯಿತು. ದಪ್ಪ ತಂತಿ ತಂದು ತುದಿಗೆ ತಿರುಪು ಕೊರೆದು ಹೊಸ ಕಡ್ಡಿ ಕೂರಿಸಿದೆ. ಆಮೇಲೆ ಒಂದೊಂದು ಕಡ್ಡಿಯನ್ನೂ ಬೆರಳಿನಲ್ಲಿ ಮೀಟಿ, ದನಿ ನೋಡಿ, ಕಾಲು ಸುತ್ತು, ಕಾಲು ಸುತ್ತು. ಓವರ್‌ಸಿಯರ್ ಜಗುಲಿಯಿಂದಲೇ, "ಏನ್ ಮೇಸ್ತ್ರಿ, ತಂಬೂರಿ ಶ್ರುತಿ ಮಾಡ್ತಿದೀರಾ?" ಅಂತ ಕೆಣಕುತ್ತಿದ್ದರು.

ಟೈರಿನದು ಇನ್ನೂ ದೊಡ್ಡ ಕತೆ. ದೊರೆಯ ಕಾಲದ ಗಟ್ಟಿ ರಬ್ಬರು ಒಣಗಿ ಬಿಸ್ಕತ್ತಿನ ಹಾಗೆ ಪುಡಿಯಾಗಿತ್ತು. ಅಷ್ಟು ದೊಡ್ಡ ಗಾಲಿಗೆ ಟೈರು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಲಾರಿಯ ಹಳೇ ಟೈರಿನಿಂದ ಪಟ್ಟಿ ಕೊಯ್ದು, ಒಳಗೆ ತಂತಿ ತೂರಿಸಿ ಬಿಗಿದೆ. ಅಂಗಳದಲ್ಲಿ ಉರುಳಿಸಿ ನೋಡಿದರೆ ತಂತಿ ರಬ್ಬರನ್ನು ಬೆಣ್ಣೆ ಕೊಯ್ದಂತೆ ಕೊಯ್ದು ಹೊರಗೆ ಬಂತು. ಆ ವಾರ ಕುರಿಗಾಹಿ ಕೆಲಸ ಎಲ್ಲಿಗೆ ಬಂತು ಅಂತ ನೋಡಲು ಬಂದಿದ್ದ. ರಿಮ್ಮಿನ ಹಳ್ಳದೊಳಗೆ ಬೆರಳಾಡಿಸಿ ನೋಡಿ ಹೇಳಿದ:

"ಇದ್ರಾಗೆ ಉಣ್ಣೆ ಹಗ್ಗ ಕೂರ್ತತ್ರಿ."

"ಉಣ್ಣೆ ಒದ್ದೆಯಾದ್ರೆ ಸಡಿಲ ಆಗಲ್ವಾ?"

"ಹಸಿ ಇದ್ದಾಗ್ಲೇ ಹೊಸೆದು ತುಳಿದ್ರೆ ಉಣ್ಣೆ ಕೂಡ್ಕಂತತಿ. ಮ್ಯಾಲೆ ಹುಣಸೆಬೀಜದ ಸರಿ ಹೊಡೀತೀವಿ. ನಮ್ ಕಂಬಳಿ ಮಳ್ಯಾಗೆ ನೆಂದ್ರೆ ಬಿಗೀತತಿ ಹೊರ್ತು ಸಡ್ಲ ಆಗಾಂಗಿಲ್ಲ."

ನಾಲ್ಕು ದಿನಕ್ಕೆ ಹೆಬ್ಬೆರಳಿನ ಗಾತ್ರದ ಹಗ್ಗ ಹೊತ್ತು ತಂದ. ಅವನ ಅಣ್ಣತಮ್ಮಂದಿರೆಲ್ಲ ಕೂತು ಹೊಸೆದದ್ದು. ಹುಣಸೆಬೀಜ ಬೇಯಿಸಿದ ಅಂಟಿನಂಥ ಸರಿ ಬಳಿದು ಹಗ್ಗವನ್ನು ಹಳ್ಳಕ್ಕೆ ಕೂರಿಸಿದೆವು. ಅದರ ಮೇಲೆ ಹಳೇ ಸೈಕಲ್ ಟೈರುಗಳನ್ನು ಸೀಳಿ ಹೊದಿಸಿ, ಚಪ್ಪಲಿ ಹೊಲಿಯುವವರಿಂದ ಒಳಮಗ್ಗುಲಿಗೆ ದಾರದ ಹೊಲಿಗೆ ಹಾಕಿಸಿದೆ. ಒಂದು ದೊಡ್ಡ ಗಾಲಿಗೆ ಒಂದೂವರೆ ಟೈರು ಹಿಡಿಯಿತು. ಅವರೇ ಬಲಗಡೆಯ ಪೆಡಲಿಗೆ ಹಿಮ್ಮಡಿ ಕೂರುವಂಥ ಚರ್ಮದ ಒಂದು ಬಟ್ಟಲು ಮಾಡಿ, ಮೇಲೊಂದು ಪಟ್ಟಿ ಹೊಲಿದು ಕೊಟ್ಟರು, ಸೊರಗಿದ ಕಾಲು ಜಾರಬಾರದು ಅಂತ. ಗಾಡಿಗೆ ಫ್ರೀವೀಲ್ ಇಲ್ಲ. ಗಾಲಿ ತಿರುಗಿದಷ್ಟು ಹೊತ್ತೂ ಪೆಡಲು ತಿರುಗುತ್ತದೆ, ಕೂತ ಕಾಲನ್ನು ತಾನೇ ಹೊತ್ತು ತಿರುಗಿಸುತ್ತದೆ. ಒಂದು ಕಾಲಿನವರಿಗೆ ಅದೇ ಬೇಕಾದದ್ದು. ಸಂಕ್ರಾಂತಿಗೆ ಎಂಟು ದಿನ ಇರುವಾಗ ಗಾಡಿ ಎದ್ದು ನಿಂತಿತು. ನಾನು ಅದರ ಸುತ್ತ ಎರಡು ಸಲ ತಿರುಗಿ, ಮೀಸೆ ತೀಡಿಕೊಂಡು, ಓವರ್‌ಸಿಯರನ್ನು ಕರೆದೆ.

ನನಗೆ ಕಸುಬು ಕಲಿಸಿದ ಗುರುವಿನ ಒಂದು ಕಟ್ಟಳೆಯಿತ್ತು. ರಿಪೇರಿಯಾದ ಯಾವ ಗಾಡಿಯನ್ನೂ ಮೇಸ್ತ್ರಿ ತಾನು ಮೊದಲು ತುಳಿದು ನೋಡದೆ ಗಿರಾಕಿಯ ಕೈಗೆ ಕೊಡಬಾರದು. ಬೀಳುವುದಾದರೆ ಮೇಸ್ತ್ರಿ ಬೀಳಲಿ. ಇಪ್ಪತ್ತು ವರ್ಷ ಅದನ್ನು ತಪ್ಪಿಸಿರಲಿಲ್ಲ. ಗೇಟು ತೆಗೆಸಿ, ಸೀಟಿನ ಮೇಲೆ ಕೂತು, ತುಳಿದೆ. ಹತ್ತು ಗಜ ರಾಜನ ಹಾಗೆ ಹೋದೆ. ಹನ್ನೊಂದನೇ ಗಜಕ್ಕೆ ಚರಂಡಿಯಲ್ಲಿದ್ದೆ.

ಯಾವುದೋ ಕಲ್ಲು ಸಿಕ್ಕಿರಬೇಕು ಅಂದುಕೊಂಡು ಎತ್ತಿ ನಿಲ್ಲಿಸಿ ಮತ್ತೆ ಹೊರಟೆ. ಮತ್ತೆ ಅದೇ ಎಡಗಡೆಯ ಚರಂಡಿ. ಎಡಗಾಲಿ ಮಾತ್ರ ಎಳೆಯುವುದರಿಂದ ಗಾಡಿ ಬಲಕ್ಕೆ ಹೊರಳಬೇಕು, ಎಡಕ್ಕೆ ಯಾಕೆ ಹೋಗುತ್ತದೆ? ಮುಂದಿನ ಗಾಲಿಯ ಗೂಟ ಬಿಚ್ಚಿ ನೋಡಿದೆ, ಅದನ್ನು ತಿರುಗಿಸುವ ಹಲ್ಲು ನೋಡಿದೆ, ಎಲ್ಲವೂ ಸರಿಯಾಗಿತ್ತು. ಮಾರನೆಯ ದಿನ ಮೂರನೇ ಸಲ ಬಿದ್ದಾಗ ಮುಂದಿನ ಗಾಲಿಯನ್ನು ಹಿಡಿದ ಕವೆ ಸೊಟ್ಟಗಾಯಿತು, ನನ್ನ ಮೊಣಕೈ ಸುಲಿಯಿತು.

"ಮೂರು ದಿನ ತುಳಿದೋರು ಮೂರು ನಿಮಿಷ ತುಳೀಲಿಲ್ವಲ್ರಿ" ಅಂದರು ಓವರ್‌ಸಿಯರ್. ಆಮೇಲೆ ನಗು ಬಿಟ್ಟು ಹೇಳಿದರು: "ಮೇಸ್ತ್ರಿ, ನಮ್ಮಪ್ಪನ ಸಾಮಾನು ಇದು. ಭಾನುವಾರತನಕ ನೋಡ್ತೀನಿ. ಆಗಲಿಲ್ಲ ಅಂದ್ರೆ ಒಳಕ್ಕೆ ಹಾಕಿ ಬೀಗ ಹಾಕ್ತೀನಿ."

ಭಾನುವಾರದ ಮೇಲೆ ನಾಲ್ಕನೇ ದಿನಕ್ಕೆ ಕುರಿ ಹೊರಡುವುದಿತ್ತು.

ಕವೆಯನ್ನು ಇದ್ದಿಲ ಬೆಂಕಿಯಲ್ಲಿ ಕಾಯಿಸಿ ನೆಟ್ಟಗೆ ಮಾಡುತ್ತಾ ಕೂತಾಗ ನನ್ನ ಮೇಲೆ ನನಗೇ ರೇಗಿತು. ಗಾಡಿಯಲ್ಲಿ ದೋಷವಿಲ್ಲ, ಹಾಗಾದರೆ ನನ್ನಲ್ಲಿದೆ. ಈ ಸಲ ಗಾಡಿಯನ್ನು ರಸ್ತೆಯ ಓರೆಯಲ್ಲಿ ನಿಲ್ಲಿಸಿ, ತುಳಿಯದೆ, ಸುಮ್ಮನೆ ಮೇಲೆ ಕೂತೆ. ರಸ್ತೆ ನಡುವೆ ಉಬ್ಬಿ ಎರಡೂ ಅಂಚಿಗೆ ಇಳಿಯುತ್ತದಲ್ಲ, ಅಂಚಿನಲ್ಲಿ ಗಾಡಿ ಎಡಕ್ಕೆ ವಾಲಿತು. ನನ್ನ ಬಲಗೈ, ನಾನು ಹೇಳದೆಯೇ, ಹಿಡಿಯನ್ನು ಎಡಕ್ಕೆ ತಿರುಗಿಸಿತು. ಕಣ್ಣಾರೆ ನೋಡಿದೆ. ಎರಡು ಗಾಲಿಯ ಸೈಕಲ್ ಎಡಕ್ಕೆ ವಾಲಿದರೆ ಎಡಕ್ಕೇ ತಿರುಗಿಸಬೇಕು, ಆಗಲೇ ಅದು ಬೀಳದೆ ಏಳುವುದು. ಸೈಕಲ್ ಕಲಿಯುವುದು ಅಂದರೆ ಇದನ್ನು ಕೈಗೆ ಕಲಿಸುವುದೇ. ಮೂರು ಗಾಲಿಗೆ ಅದು ಬೇಕಿಲ್ಲ, ಅದು ಬೀಳುವುದೇ ಇಲ್ಲ. ಆದರೆ ನನ್ನ ಕೈಗೆ ಅದು ಗೊತ್ತಿಲ್ಲ. ವಾಲಿದ ಕಡೆಗೆ ತಿರುಗಿಸುತ್ತದೆ, ಅಲ್ಲಿ ಚರಂಡಿಯಿದೆ. ಎರಡು ದಿನ ಕೈಯನ್ನು ಬೈದು, ಬೇಡಿ, ಕಡೆಗೆ ಟವೆಲ್ಲಿನಿಂದ ಹಿಡಿಗೆ ಕಟ್ಟಿ ನೋಡಿದೆ. ಕೇಳಲಿಲ್ಲ. ಒಳ್ಳೆಯ ಸೈಕಲ್ ಸವಾರನಾದಷ್ಟೂ ಇದರ ಮೇಲೆ ಕೆಟ್ಟ ಸವಾರ.

ಶನಿವಾರ ಮಧ್ಯಾಹ್ನ ಬುತ್ತಿ ಬಿಚ್ಚಿಟ್ಟುಕೊಂಡು ಯೋಚನೆಗೆ ಬಿದ್ದೆ. ಟೀಚರಮ್ಮ ಹುಟ್ಟಿದ ಮೇಲೆ ಸೈಕಲ್ ಮುಟ್ಟಿದವಳಲ್ಲ. ಅವಳ ಕೈಗೆ ಈ ರೋಗ ಅಂಟಿಲ್ಲ. ಇದನ್ನು ತುಳಿಯುವವರು ಯಾರಾದರೂ ಇದ್ದರೆ ಅವಳೇ. ಆದರೆ ನಾನು ತುಳಿದು ನೋಡದ ಗಾಡಿಯನ್ನು, ನನ್ನನ್ನೇ ಮೂರು ಸಲ ಕೆಡವಿದ ಗಾಡಿಯನ್ನು, ಕಾಲು ಸ್ವಾಧೀನವಿಲ್ಲದ ಹೆಣ್ಣುಮಗಳಿಗೆ ಕೊಟ್ಟು ನಾಲೆಯ ಸೇತುವೆ ಹತ್ತಿಸಬೇಕು. ಹೆದರಿಕೆಯಾಯಿತು, ನಿಜ ಹೇಳುತ್ತೇನೆ. ಬುತ್ತಿ ಕಟ್ಟಿಟ್ಟು ಜಗುಲಿಗೆ ಹೋಗಿ ಹೇಳಿದೆ:

"ಸಾರ್, ನನ್ನ ಕೈಲಿ ಆಗಲ್ಲ. ನಾಳೆ ಟೀಚರಮ್ಮನೇ ತುಳೀತಾಳೆ."

"ನೀವು ತುಳಿದು ನೋಡ್ದೇನೆ?"

"ನೋಡ್ದೇನೆ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಬರ್ಲಿ ಬಿಡ್ರಿ" ಅಂದರು. ಅವತ್ತೇ ಹೊಳಲ್ಕೆರೆ ಕಡೆ ಹೋಗುವ ಲಾರಿಯವನ ಕೈಯಲ್ಲಿ ಹಟ್ಟಿಗೆ ಸುದ್ದಿ ಕಳಿಸಿದೆ.

ಭಾನುವಾರ ಬೆಳಿಗ್ಗೆ ಹತ್ತರ ಬಸ್ಸಿಗೆ ಅಪ್ಪ ಮಗಳು ಇಳಿದರು. ಸಣ್ಣಗೆ, ಕಪ್ಪಗೆ, ಎಣ್ಣೆ ಹಾಕಿ ಬಿಗಿದು ಜಡೆ ಹೆಣೆದ ಹುಡುಗಿ. ಕೋಲು ಹಿಡಿದು, ಮೊಣಕಾಲನ್ನು ಕೈಯಿಂದ ಒತ್ತಿಕೊಂಡು ನಡೆಯುತ್ತಿದ್ದಳು. ಗಾಡಿಯನ್ನು ಮುಟ್ಟುವ ಮೊದಲು ಶಾಲೆಯಲ್ಲಿ ಕೇಳುವವರ ಹಾಗೆ ಕೇಳಿದಳು: "ಯಾವ್ದು ತಿರುಗಿಸೋದು, ಯಾವ್ದು ನಿಲ್ಸೋದು, ಮೊದ್ಲು ಅದು ಹೇಳ್ರಿ. ನಿಲ್ಸೋದು ಮೊದ್ಲು."

ಹೇಳಿದೆ. ನಾನು ಬಿದ್ದದ್ದನ್ನೂ, ಯಾಕೆ ಬಿದ್ದೆ ಅನ್ನುವುದನ್ನೂ ಮುಚ್ಚಿಡದೆ ಹೇಳಿದೆ. ಅವಳು ಮುಖ ಬಾಡಿಸಲಿಲ್ಲ. ಬಲಪಾದವನ್ನು ಕೈಯಿಂದ ಎತ್ತಿ ಚರ್ಮದ ಬಟ್ಟಲೊಳಗಿಟ್ಟು ಪಟ್ಟಿ ಬಿಗಿದುಕೊಂಡಳು. ಅಂಗಳದೊಳಗೆ ನಾಲ್ಕು ಸುತ್ತು ಹಾಕಿದಳು. ಹಿಡಿಯನ್ನು ಎತ್ತ ತಿರುಗಿಸಿದರೆ ಗಾಡಿ ಅತ್ತ ಹೋಯಿತು. ಅವಳಿಗೆ ಅದರಲ್ಲಿ ಅಚ್ಚರಿಯೇ ಇರಲಿಲ್ಲ. ನನಗೆ ಹೊಟ್ಟೆಯುರಿಯೂ ಆಯಿತು, ಹೊಟ್ಟೆ ತಣ್ಣಗೂ ಆಯಿತು.

ಗೇಟು ದಾಟಿ ರಸ್ತೆಗೆ ಇಳಿದಳು. ನಾವು ಮೂವರೂ ಪಕ್ಕದಲ್ಲಿ ನಡೆದೆವು. ಓರೆಯಲ್ಲಿ ಗಾಡಿ ವಾಲಿತು, ಅವಳ ಕೈ ಅಲುಗಲಿಲ್ಲ. ನಾನು ಬಿದ್ದ ಜಾಗ ದಾಟಿತು. ಸೇತುವೆಯ ಏರು ಶುರುವಾಯಿತು. ಅರ್ಧ ಏರಿನಲ್ಲಿ ಎಡಗಾಲಿನ ಪೆಡಲು ಪೂರ್ತಿ ಕೆಳಕ್ಕೆ ಬಂದು ಗಾಡಿ ನಿಂತುಬಿಟ್ಟಿತು. ಇದೇ ನಾನು ಹೆದರಿದ್ದು. ಎರಡು ಕಾಲಿನವರಿಗೆ ಒಂದು ಪೆಡಲು ಕೆಳಗಿದ್ದರೆ ಇನ್ನೊಂದು ಮೇಲಿರುತ್ತದೆ, ಅದನ್ನು ತುಳಿಯಬಹುದು. ಅವಳಿಗೆ ಮೇಲಿದ್ದದ್ದು ಸೊರಗಿದ ಕಾಲು. ಅವಳು ಬ್ರೇಕು ಎಳೆದು ಹಿಡಿದಳು. ಅಪ್ಪ ಕಂಬಳಿ ಬಿಸಾಡಿ ಹಿಂದಕ್ಕೆ ಓಡಿದ.

"ಮುಟ್ಟಬ್ಯಾಡ" ಅಂದರು ಓವರ್‌ಸಿಯರ್.

"ಬೀಳ್ತಾಳ್ರಿ" ಅಂದ ಅವನು. ನಾನು ಅವನ ತೋಳು ಹಿಡಿದುಕೊಂಡೆ. ಹಿಡಿದದ್ದು ಷರತ್ತಿಗಾಗಿ ಅಂತ ಆಮೇಲೆ ಎಲ್ಲರಿಗೂ ಹೇಳಿದ್ದೇನೆ. ನಿಜವಾಗಿ, ನನಗೇ ಏನನ್ನಾದರೂ ಹಿಡಿದುಕೊಳ್ಳಬೇಕಿತ್ತು.

ಅವಳು ಬ್ರೇಕು ಬಿಟ್ಟಳು. ಗಾಡಿ ಹಿಂದಕ್ಕೆ ಉರುಳಿತು. ಕೆಟ್ಟೆವು ಅಂದುಕೊಂಡೆ. ಆದರೆ ಗಾಲಿ ಹಿಂದಕ್ಕೆ ಉರುಳಿದಂತೆ ಪೆಡಲೂ ಹಿಂದಕ್ಕೆ ತಿರುಗಿ, ಎಡಗಾಲು ಕೆಳಗಿನಿಂದ ಮೇಲಕ್ಕೆ ಬಂತು. ಅದು ನೆತ್ತಿಗೆ ಬರುತ್ತಿದ್ದಂತೆಯೇ ಅವಳು ಮೈಯ ಭಾರವನ್ನೆಲ್ಲ ಹಾಕಿ ತುಳಿದಳು. ತುಳಿಯುತ್ತಲೇ ಎಡಗೈಯನ್ನು ಹಿಡಿಯಿಂದ ತೆಗೆದು ಪಕ್ಕದ ದೊಡ್ಡ ಗಾಲಿಯ ಮೇಲಿಟ್ಟು ಮುಂದಕ್ಕೆ ನೂಕಿದಳು. ಗಾಡಿ ಮುಂದೆ ಬಂತು, ನಿಂತ ಜಾಗ ದಾಟಿತು, ಇನ್ನೊಂದು ಸುತ್ತು ಹಾಕಿತು. ಕಾಲು, ಕೈ, ಕಾಲು, ಕೈ. ಸೇತುವೆಯ ನೆತ್ತಿ ಮುಟ್ಟಿ ಅಲ್ಲಿ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಇಪ್ಪತ್ತು ವರ್ಷ ನಾನು ಚಕ್ರದ ಜೊತೆ ಬದುಕಿದ್ದೆ, ಆ ಉಪಾಯ ನನಗೆ ಹೊಳೆದಿರಲಿಲ್ಲ. ಹೇಗೆ ಗೊತ್ತಾಯಿತಮ್ಮಾ ಅಂತ ಕೇಳಿದೆ.

"ಟಗರು ಗುದ್ದೋಕ್ ಮುಂಚೆ ಹಿಂದಕ್ ಸರಿಯಲ್ವೇನ್ರಿ?" ಅಂದಳು, ಇದೂ ಒಂದು ಕೇಳುವ ಮಾತೇ ಅನ್ನುವ ಹಾಗೆ.

ವಾಪಸು ಗೇಟಿಗೆ ಬಂದಾಗ ಓವರ್‌ಸಿಯರ್ ಹತ್ತಿರ ಹೋಗಿ ಸೀಟಿನ ಹಿಂದಿನ ಅಡ್ಡಕೊಳವೆಯ ಮೇಲೆ ಕೈಯಾಡಿಸಿದರು. ಆ ಒಂದು ಕಡೆ ಕಬ್ಬಿಣ ನುಣ್ಣಗೆ ಸವೆದಿತ್ತು. ಅವರ ಅಪ್ಪ ದೊರೆಯನ್ನು ತಳ್ಳುತ್ತಿದ್ದ ಜಾಗ. "ಇಲ್ಲೊಂದು ಬುಟ್ಟಿ ಕಟ್ಟಿಕೊಡ್ರಿ ಮೇಸ್ತ್ರಿ, ಪುಸ್ತಕ ಇಟ್ಕಳಾಕೆ" ಅಂದು ಒಳಗೆ ಹೋದರು.

ಗಾಡಿಯನ್ನು ಲಾರಿಯಲ್ಲಿ ಹೊಳಲ್ಕೆರೆಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಹಟ್ಟಿಗೆ ಸಾಗಿಸಿದೆವು. ಸಂಕ್ರಾಂತಿಯ ಮರುದಿನ ಬೆಳಿಗ್ಗೆ ಮಂದೆ ಹೊರಟಿತು. ಕುದುರೆಯ ಮೇಲೆ ಪಾತ್ರೆ, ಬಲೆ, ಆಗತಾನೇ ಹುಟ್ಟಿದ ಎರಡು ಮರಿ. ಅಪ್ಪ ನನ್ನ ಹತ್ತಿರ ಬಂದು, "ಎರಡು ದಿನ ನೋಡ್ಕಳ್ರಿ. ಭರಮಸಾಗ್ರದ ಕೆರೆತಾವ ಮೂರನೇ ದಿನ ಮಂದೆ ನಿಲ್ಲಿಸ್ತೀನಿ. ಅಲ್ಲಿಗ್ ಬಂದು ಹೇಳ್ರಿ" ಅಂದು ಕುರಿಗಳ ಹಿಂದೆ ಹೋದ.

ಟೀಚರಮ್ಮ ಎಂಟೂವರೆಗೇ ಹೊರಟಳು. ನಾನು ನನ್ನ ಸೈಕಲ್ಲಿನಲ್ಲಿ ಹತ್ತು ಗಜ ಹಿಂದೆ. ನಾಲ್ಕು ಮೈಲಿಯಲ್ಲಿ ಎರಡು ಏರು, ಒಂದು ಹಳ್ಳ. ಇಳಿಜಾರಿನಲ್ಲಿ ಬ್ರೇಕಿಗೆ ಕೈ, ಏರಿನಲ್ಲಿ ಗಾಲಿಗೆ ಕೈ. ಹಳ್ಳದ ಮರಳಿನಲ್ಲಿ ಗಾಲಿ ಹೂತಾಗ ನಾನು ಸೈಕಲ್ ಇಳಿದೆ. ಅವಳು ತಿರುಗಿ ನೋಡಿದಳು, ಅಷ್ಟೇ. ಮತ್ತೆ ಹತ್ತಿ ಕೂತೆ. ಒಂದಿಷ್ಟು ಹಿಂದೆ, ಇನ್ನಷ್ಟು ಮುಂದೆ, ಹಾಗೆ ಮಾಡಿ ತಾನೇ ದಾಟಿದಳು. ಶಾಲೆಯ ಮುಂದೆ ಬಂದಾಗ ಪ್ರಾರ್ಥನೆಗೆ ಇನ್ನೂ ಮಕ್ಕಳು ಸಾಲು ನಿಂತಿರಲಿಲ್ಲ. ಹೆಡ್‌ಮಾಸ್ತರು ಹಾಜರಿ ಪುಸ್ತಕ ಹಿಡಿದು ಹೊರಗೆ ಬಂದು, ಗಾಡಿಯನ್ನು ನೋಡಿ, ಗಡಿಯಾರ ನೋಡಿ, ಪೆನ್ನನ್ನು ಅವಳ ಕೈಗೆ ಕೊಟ್ಟರು.

ರುಜು ಹಾಕಿ ಬಂದು ಅವಳು ನನಗೆ ಹೇಳಿದಳು: "ನಾಳೆಯಿಂದ ನೀವು ಬರಬ್ಯಾಡ್ರಿ. ನೀವು ಹಿಂದ್ ಇದ್ರೆ ನಂಗೆ ಆ ಸೇತುವೆ ಪರೀಕ್ಷೆ ನೆಪ್ಪಾಗ್ತತಿ."

ಮೊದಲು ಬೇಸರವಾಯಿತು. ಊರೂರು ಅಲೆದು, ಮೊಣಕೈ ಸುಲಿದುಕೊಂಡು ಮಾಡಿದ ಗಾಡಿ. ಮಾರನೆಯ ದಿನ ಹಟ್ಟಿಯ ಕಟ್ಟೆಯ ಮೇಲೆ ಕೂತು, ಅಜ್ಜಿ ಕೊಟ್ಟ ಮಜ್ಜಿಗೆ ಕುಡಿದು, ದಾರಿ ನೋಡುತ್ತಾ ಹಗಲೆಲ್ಲ ಕಳೆದೆ. ಸಂಜೆ ದೀಪ ಹಚ್ಚುವ ಮೊದಲೇ ಸರಪಳಿಯ ಸದ್ದು ಅಜ್ಜಿಗೆ ಕೇಳಿಸಿತು. ನನಗಿಂತ ಮೊದಲು.

ಮೂರನೇ ದಿನ ಭರಮಸಾಗರಕ್ಕೆ ಸೈಕಲ್ ತುಳಿದೆ. ನಾನು ಟ್ಯೂಬ್‌ಲೈಟ್ ಒಡೆಸಿಕೊಂಡಿದ್ದ ಅದೇ ಬಯಲಿನಲ್ಲಿ ಮಂದೆ ನಿಂತಿತ್ತು. ಕುರಿಗಾಹಿ ನನ್ನನ್ನು ದೂರದಿಂದಲೇ ನೋಡಿದ, ಎದ್ದು ಬರಲಿಲ್ಲ. ಕುರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದವನು ಅದನ್ನು ಮುಗಿಸಿ ಬಿಟ್ಟು, ಕಂಬಳಿ ಹಾಸಿ, "ಕುಂತ್ಕಳ್ರಿ" ಅಂದ. ಕುಳಿತೆ.

"ಮುಟ್ಟಿದ್ಲಾ?"

"ಎರಡು ದಿನಾನೂ. ಪ್ರಾರ್ಥನೆಗೆ ಮುಂಚೆ."

ಅವನು ಕೆರೆಯ ಕಡೆ ನೋಡುತ್ತಿದ್ದ. ಅವಳನ್ನು ಹೆಗಲ ಮೇಲೆ ಹೊತ್ತು, ಆಮೇಲೆ ಕುದುರೆಯ ಮೇಲೆ ಕೂರಿಸಿ, ಇಪ್ಪತ್ತು ವರ್ಷ ಅವನು ಅವಳ ಮುಂದೆಯೋ ಹಿಂದೆಯೋ ನಡೆದಿದ್ದ. ಕೇಳಲೋ ಬೇಡವೋ ಅನ್ನುವವನಂತೆ ಕೇಳಿದ:

"ಹಳ್ಳದಾಗೆ ಯಾರು ತಳ್ಳಿದ್ರು?"

"ಯಾರೂ ತಳ್ಳಲಿಲ್ಲ" ಅಂದೆ.

"ನೀವು?"

"ನನ್ನನ್ನೇ ಹತ್ರ ಬಿಟ್ಕೊಳ್ಳಲಿಲ್ಲ ಮಾರಾಯ. ನಾಳೆಯಿಂದ ಬರಬ್ಯಾಡ್ರಿ ಅಂದುಬಿಟ್ಲು."

ಅವನು ಮೊದಲು ನಕ್ಕ. ಆಮೇಲೆ ಕಂಬಳಿಯ ತುದಿಯನ್ನು ಮುಖಕ್ಕೆ ಒತ್ತಿಕೊಂಡು ಅಳತೊಡಗಿದ. ಕುರಿಗಳು ನೀರಿನ ಕಡೆ ಸರಿಯುತ್ತಿದ್ದವು, ಅವತ್ತು ಅವನು ಅವುಗಳನ್ನು ತಿರುಗಿಸಲು ಏಳಲಿಲ್ಲ.